ಗೇಟು ಎತ್ತಿದ್ದು ಮಾನಪ್ಪನಲ್ಲ

ಕೆಂಭಾವಿ ಕಡೆಯ ವಿತರಣಾ ಕಾಲುವೆಯ ಗೇಟನ್ನು ಆ ಮಧ್ಯಾಹ್ನ ಮೇಲೆತ್ತಿದವಳು ನಾನು. ಕೈಯಿಂದಲ್ಲ — ದೂರದ ಶಹಾಪುರದಲ್ಲಿ ಫ್ಯಾನಿನ ಕೆಳಗೆ ಕುಳಿತು, ನಾನೇ ಬರೆದ ಒಂದು ಪ್ರೋಗ್ರಾಮಿನಿಂದ. ಹೀಗಾಗಬಹುದು ಎಂಬ ಸುಳಿವು ನನಗೆ ಮೊದಲೇ ಸಿಕ್ಕಿತ್ತು. ಸುಮ್ಮನಿದ್ದೆ. ಆ ಗೇಟನ್ನು ಇಳಿಸಿ ಒಂದು ಕೇರಿಯನ್ನು ಉಳಿಸಿದ ಮನುಷ್ಯನ ಮೇಲೆ, ಗೇಟನ್ನು ಎತ್ತಿದವನೇ ಅವನು ಎಂಬ ಅಪವಾದ ಬಂದಾಗಲೂ ಸುಮ್ಮನಿದ್ದೆ. ಇಲ್ಲ — ಸುಮ್ಮನಿದ್ದೆ ಎಂಬುದು ಪೂರ್ತಿ ನಿಜವಲ್ಲ. ಒಂದು ಮಾತು ಹೇಳಿದೆ. ಅವನನ್ನು ಮುಳುಗಿಸಿದ್ದು ಆ ಮಾತೇ.

ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ.

ನಾನು ಸುರಪುರದವಳು, ಹೆಸರು ಸುನಂದಾ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಹುಟ್ಟುವ ಹೊತ್ತಿಗಾಗಲೇ ನಮ್ಮ ಸೀಮೆಗೆ ಕಾಲುವೆ ಬಂದಿತ್ತು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಾಲುವೆಯ ಗೇಟುಗಳನ್ನು ಮೋಟಾರಿನಿಂದ ಏರಿಸಿ ಇಳಿಸುವ ನಿಯಂತ್ರಣ ಪೆಟ್ಟಿಗೆಗಳನ್ನು ನಾವು ಮಾಡುತ್ತಿದ್ದೆವು. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಬೋರ್ಡು, ಅದರಲ್ಲೊಂದು ಚಿಪ್ಪು, ಆ ಚಿಪ್ಪಿನಲ್ಲಿ ಪ್ರೋಗ್ರಾಮು. ಅದನ್ನು ಬರೆಯುವುದು ನನ್ನ ಕೆಲಸ. ಶಹಾಪುರದಲ್ಲಿ ಕಾಲುವೆ ಕಚೇರಿಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯೇ ನಮ್ಮ ಕಾರ್ಯಾಗಾರವಾಗಿತ್ತು.

ಮಾನಪ್ಪ ಆ ಕಾಲುವೆಯ ಗ್ಯಾಂಗ್‌ಮನ್. ದಂಡೆಯ ಮೇಲೆ ನಡೆದು ನೀರು ನೋಡುವುದು, ಹೂಳು ಕಸ ತೆಗೆಸುವುದು, ಗೇಟು ಕಾಯುವುದು — ಹದಿನೇಳು ವರ್ಷದಿಂದ ಅದೇ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಐವತ್ತರ ಆಸುಪಾಸು, ಬಡಕಲು ದೇಹ, ಹೆಗಲ ಮೇಲೆ ಯಾವಾಗಲೂ ಒಂದು ಕೊಡಲಿ. ದಂಡೆಯ ಜಾಲಿ ಗಿಡ ಕಡಿಯಲು ಅದು ಬೇಕು. ಕಾಲುವೆಯ ಕೊನೆಗಿದ್ದ ಕೇರಿಯೇ ಅವನ ಊರು. ಅಲ್ಲಿಯವರೆಲ್ಲ ಕೂಲಿ ಮಾಡುವವರು, ಒಂದೆರಡು ಎಕರೆ ಇದ್ದವರು.

ಆಗೆಲ್ಲ ಪ್ರೋಗ್ರಾಮು ಬದಲಿಸಬೇಕಾದರೆ ಪ್ರತಿ ಗೇಟಿಗೂ ಹೋಗಿ, ಪೆಟ್ಟಿಗೆ ತೆರೆದು, ಲ್ಯಾಪ್‌ಟಾಪಿನಿಂದ ತಂತಿ ಜೋಡಿಸಬೇಕಿತ್ತು. ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಮಾನಪ್ಪ ತನ್ನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನೆರಳು ಮಾಡಿ ನಿಲ್ಲುತ್ತಿದ್ದ. ಕೈ ನೋಯುತ್ತಿತ್ತೇನೋ — ಒಮ್ಮೆಯೂ ಹೇಳಲಿಲ್ಲ.

"ಅದು ಏನ್ ಮಾಡಾಕತ್ತೈತ್ರಿ ಮೇಡಂರಿ, ಇಷ್ಟೊತ್ತು?"

"ಹೊಸಾ ಪಾಠ ಓದಾಕತ್ತೈತಿ ಕಾಕಾ."

"ಪಾಸ್ ಆಗತೈತಿಲ್ಲೋ? ನನ್ನಂಗ ಏಳನೇ ಕ್ಲಾಸಿನಾಗ ಕುಂತಗಿಂತೀತು."

ಅವನ ಹೆಂಡತಿ ದೇವಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ನನಗೂ ಎರಡು ರೊಟ್ಟಿ ಇರುತ್ತಿದ್ದವು. ಪುಂಡಿಪಲ್ಯ, ಶೇಂಗಾ ಹಿಂಡಿ. ಬಂದವರು ಮಾಸ್ತರರ ಮಗಳು, ನಮ್ಮ ಕೈಯಿಂದ ಉಣ್ಣುತ್ತಾರೋ ಇಲ್ಲವೋ ಎಂದು ಮೊದಲ ದಿನ ಅವನು ಬುತ್ತಿ ಬಿಚ್ಚಲು ಹಿಂದೆಮುಂದೆ ನೋಡಿದ್ದ. ನಾನು ಉಂಡೆ. ಉಂಡಿದ್ದಕ್ಕೆ ನನ್ನ ಬಗ್ಗೆಯೇ ನನಗೆ ಹೆಮ್ಮೆ — ನಾನು ಒಳ್ಳೆಯವಳು ಎಂದು. ಎಷ್ಟು ಸಸ್ತಾ ಆಗಿತ್ತು ಆ ಒಳ್ಳೆಯತನ.

ಗೇಟುಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದಕ್ಕೂ ಹೋಗುವುದು ಸಾಕಾಗಿ, ಕುಳಿತಲ್ಲಿಂದಲೇ ರೇಡಿಯೊ ಮೂಲಕ ಪ್ರೋಗ್ರಾಮು ಕಳಿಸುವಂತೆ ಮಾಡು ಎಂದರು ನಮ್ಮ ಮಾಲೀಕರು. ಇದಕ್ಕೆ ನಾನು ಕೈಹಾಕಬೇಕಿದ್ದುದು ಬೂಟ್‌ಲೋಡರಿಗೆ. ಪೆಟ್ಟಿಗೆ ಶುರುವಾದಾಗ ಎಲ್ಲಕ್ಕಿಂತ ಮೊದಲು ಎಚ್ಚರಾಗುವ ಪುಟ್ಟ ಪ್ರೋಗ್ರಾಮು ಅದು. ಹೊಸದೇನಾದರೂ ಬಂದಿದೆಯೇ ಎಂದು ನೋಡುತ್ತದೆ, ಬಂದಿದ್ದರೆ ಇಳಿಸಿಕೊಳ್ಳುತ್ತದೆ, ಆಮೇಲೆ ಗೇಟು ನಡೆಸುವ ದೊಡ್ಡ ಪ್ರೋಗ್ರಾಮಿಗೆ ಕೆಲಸ ಒಪ್ಪಿಸಿ ಮಲಗುತ್ತದೆ. ನಮ್ಮ ಬೂಟ್‌ಲೋಡರಿಗೆ ತಂತಿಯ ಭಾಷೆ ಮಾತ್ರ ಗೊತ್ತಿತ್ತು. ರೇಡಿಯೊ ಜೊತೆ ಮಾತಾಡಲು ಅದಕ್ಕೆ ಡ್ರೈವರ್ ಎಂಬ ಒಂದು ತುಣುಕು ಬರೆದು ಸೇರಿಸಬೇಕಿತ್ತು.

ಮೂರು ವಾರ ಹಿಡಿಯಿತು. ಜಾಗ ಇಕ್ಕಟ್ಟು — ಬೂಟ್‌ಲೋಡರಿಗೆ ಚಿಪ್ಪಿನಲ್ಲಿ ಕೊಟ್ಟಿದ್ದ ಮೂಲೆ ಬಹಳ ಸಣ್ಣದು. ನನ್ನ ಡ್ರೈವರ್ ಅದರಲ್ಲಿ ಹಿಡಿಸಲಿಲ್ಲ. ಅಲ್ಲಿ ಇಲ್ಲಿ ಕತ್ತರಿಸಿದೆ. ಇಷ್ಟು ಸಲ ಸೋತರೆ ಪ್ರಯತ್ನ ಬಿಟ್ಟುಬಿಡು ಎಂಬ ಎಣಿಕೆ ಇತ್ತು, ತೆಗೆದೆ. ರೇಡಿಯೊದ ತಂತಿಗಳೂ ಗೇಟಿನ ಮೋಟಾರನ್ನು ಚಾಲೂ ಮಾಡುವ ರಿಲೇಯ ತಂತಿಗಳೂ ಚಿಪ್ಪಿನ ಒಂದೇ ಗುಂಪಿನ ಎಂಟು ಕಾಲುಗಳಿಗೆ ಸೇರಿದ್ದವು. ನಾನು ನನಗೆ ಬೇಕಾದ ಮೂರು ಕಾಲುಗಳನ್ನಷ್ಟೇ ಮುಟ್ಟಬೇಕಿತ್ತು. ಹಾಗೆ ಬರೆದರೆ ನಾಲ್ಕು ಸಾಲು ಹೆಚ್ಚು. ಮೋಟಾರಿನ ಕಾಲುಗಳೂ ಸೇರಿ ಎಂಟಕ್ಕೂ ಒಂದೇ ಸಾಲಿನಲ್ಲಿ ಬರೆದುಬಿಟ್ಟೆ.

ಮೇಜಿನ ಮೇಲೆ ಪರೀಕ್ಷೆ ಮಾಡಿದೆ. ಮೋಟಾರಿನ ಬದಲು ಎರಡು ಪುಟ್ಟ ದೀಪ ಇಟ್ಟಿದ್ದೆ — ಏರಿಸಲು ಕೆಂಪು, ಇಳಿಸಲು ಹಸಿರು. ಪ್ರೋಗ್ರಾಮು ರೇಡಿಯೊದಲ್ಲಿ ಇಳಿಯಲು ಶುರುವಾದ ಕೂಡಲೇ ಕೆಂಪು ದೀಪ ಹೊತ್ತಿತು. ಪೂರ್ತಿ ಇಳಿದು ದೊಡ್ಡ ಪ್ರೋಗ್ರಾಮು ಎದ್ದೊಡನೆ ಆರಿತು. ಒಂದು ನಿಮಿಷಕ್ಕಿಂತ ಕಡಿಮೆ.

ನಾನು ಅದನ್ನು ನೋಡಿದೆ. ಈ ಬರಹದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಈ ಮೂರು ಪದಗಳಲ್ಲಿದೆ.

ನಿಮಿಷಕ್ಕೆ ಗೇಟು ಎಷ್ಟು ಏರೀತು, ನಾಲ್ಕು ಬೆರಳು — ಎದ್ದ ಮೇಲೆ ದೊಡ್ಡ ಪ್ರೋಗ್ರಾಮು ಅದನ್ನು ಮತ್ತೆ ತನ್ನ ಜಾಗಕ್ಕೆ ಇಳಿಸುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ "ಕೆಂಪು ದೀಪ — ಆಮೇಲೆ ನೋಡು" ಎಂದು ಬರೆದೆ. ಮಾಲೀಕರಿಗೆ ಫೋನು ಮಾಡಿ ಕೆಲಸ ಮುಗಿಯಿತು ಎಂದೆ. ಅವರು ಶಾಭಾಸ್ ಅಂದರು. ಆ ಶಾಭಾಸ್‌ಗಿರಿ ನನಗೆ ಆ ದಿನ ಎಷ್ಟು ರುಚಿಸಿತೆಂದರೆ —

ಮೆಣಸಿನಕಾಯಿ ಒಣಗಿಸುವ ಕಾಲ. ಕಾಲುವೆಯಲ್ಲಿ ನೀರಿತ್ತು. ಬೆಳಿಗ್ಗೆ ಹತ್ತಕ್ಕೆ ಶಹಾಪುರದಿಂದ ಒಂದೊಂದೇ ಗೇಟಿಗೆ ಹೊಸ ಪ್ರೋಗ್ರಾಮು ಕಳಿಸತೊಡಗಿದೆ. ಒಂಬತ್ತು ಗೇಟುಗಳು ಸಲೀಸಾಗಿ ಮುಗಿದವು. ಪ್ರತಿಯೊಂದೂ ನಾಲ್ಕು ಬೆರಳು ಏರಿ ಮತ್ತೆ ಇಳಿದದ್ದು ಪರದೆಯ ಅಂಕಿಗಳಲ್ಲಿ ಕಂಡಿತು. ಹತ್ತನೆಯದು ಮಾನಪ್ಪನ ಗೇಟು. ದೂರದ್ದು, ರೇಡಿಯೊ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅರ್ಧ ಇಳಿಯಿತು, ಕಡಿಯಿತು. ಮತ್ತೆ ಶುರುವಾಯಿತು, ಮತ್ತೆ ಕಡಿಯಿತು. ತಾನಾಗಿಯೇ ಪ್ರಯತ್ನಿಸುತ್ತಿರಲಿ ಎಂದು ಬಿಟ್ಟು, ನಾನು ಎದುರಿನ ಖಾನಾವಳಿಗೆ ಊಟಕ್ಕೆ ಹೋದೆ.

ನಾನು ಊಟ ಮಾಡುತ್ತಿದ್ದಷ್ಟು ಹೊತ್ತೂ ಅಲ್ಲಿ ಮೋಟಾರು ತಿರುಗುತ್ತಿತ್ತು.

ಅಲ್ಲಿ ನಡೆದದ್ದನ್ನು ಆಮೇಲೆ ಮಾನಪ್ಪನ ಬಾಯಿಂದಲೇ ಕೇಳಿದೆ. ದಂಡೆಯ ಮೇಲೆ ಕೆಳಗೆ ಎಲ್ಲೋ ಇದ್ದವನು ನೀರು ಇದ್ದಕ್ಕಿದ್ದಂತೆ ಉಕ್ಕಿದ್ದು ನೋಡಿ ಗೇಟಿನತ್ತ ಓಡಿದ. ಮೋಟಾರು ತಿರುಗುತ್ತಿದೆ, ಗೇಟು ಮೇಲೇರುತ್ತಿದೆ, ಹತ್ತಿರ ಒಂದು ನರಪಿಳ್ಳೆಯಿಲ್ಲ. ಪೆಟ್ಟಿಗೆಯ ನಿಲ್ಲಿಸುವ ಗುಂಡಿ ಒತ್ತಿದ. ಒತ್ತಿದ, ಒತ್ತಿದ — ಆ ಗುಂಡಿಯ ಮಾತು ಕೇಳಬೇಕಿದ್ದ ದೊಡ್ಡ ಪ್ರೋಗ್ರಾಮು ಇನ್ನೂ ಎದ್ದೇ ಇರಲಿಲ್ಲ. ನನಗೆ ಫೋನು ಮಾಡಿದ. ನನ್ನ ಫೋನು ಕಾರ್ಯಾಗಾರದ ಮೇಜಿನ ಮೇಲೆಯೇ ಉಳಿದಿತ್ತು. ಕಡೆಗೆ ಕೊಡಲಿ ತೆಗೆದು, ಕರೆಂಟು ಹರಿಯುತ್ತಿದ್ದ ಕೇಬಲ್ಲನ್ನೇ ಕಡಿದ. ಕಿಡಿ ಹಾರಿ ಮುಂಗೈ ಸುಟ್ಟಿತು. ಮೋಟಾರು ನಿಂತಿತು. ಆಮೇಲೆ ಕೈಚಕ್ರ ಹಾಕಿ ಒಬ್ಬನೇ ತಿರುಗಿಸಿ ತಿರುಗಿಸಿ ಗೇಟು ಇಳಿಸಿದ. ಅಂಗೈಯ ಚರ್ಮ ಕಿತ್ತು ಬಂತು.

ಅಷ್ಟರಲ್ಲಿ ಕೆಳಗೆ ದಂಡೆ ಒಡೆದಿತ್ತು. ಕೇರಿಯ ಕಣದಲ್ಲಿ ಹರವಿದ್ದ ಮೆಣಸಿನಕಾಯಿ ಅಷ್ಟೂ ನೀರುಪಾಲಾಯಿತು. ಮೂರು ಮನೆಗಳ ಮಣ್ಣಿನ ಗೋಡೆಗಳು ಕುಸಿದವು. ಒಂದು ಗೋಡೆಯ ಕೆಳಗೆ ಹಣಮವ್ವ ಎಂಬ ಹೆಂಗಸು ಸಿಕ್ಕಿಬಿದ್ದಳು. ಜೀವ ಉಳಿಯಿತು. ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ.

ಫೋನಿನಲ್ಲಿ ಮಾನಪ್ಪನ ಕರೆ ಕಂಡು, ಸಂಜೆಗೆ ಮೊದಲೇ ನಾನು ಅಲ್ಲಿಗೆ ತಲುಪಿದ್ದೆ. ಮಾನಪ್ಪ ಗೇಟಿನ ಕಟ್ಟೆಯ ಮೇಲೆ ಎರಡೂ ಅಂಗೈ ಮೇಲೆ ಮಾಡಿಕೊಂಡು ಕುಳಿತಿದ್ದ, ಬೇಡುವವನ ಹಾಗೆ. ನನ್ನನ್ನು ಕಂಡು ಎದ್ದ.

"ಮೇಡಂರಿ, ನಿಮ್ಮ ಪೆಟ್ಟಿಗಿಗೆ ಏನೋ ಆಗೈತ್ರಿ. ಮೋಟಾರ್ ತಾನ ತಿರಗಾಕತ್ತಿತ್ತು. ಗುಂಡಿ ಒತ್ತಿದ್ರೂ ನಿಂದರಲಿಲ್ಲ. ಕೇಬಲ್ ಕಡದೀನಿ, ತಪ್ಪ ತಿಳಕೋಬ್ಯಾಡ್ರಿ."

ಕೇಬಲ್ ಕಡಿದದ್ದಕ್ಕೆ ಅವನು ನನ್ನ ಕ್ಷಮೆ ಕೇಳುತ್ತಿದ್ದ.

ನನಗೆ ಆ ಕ್ಷಣವೇ ತಿಳಿಯಿತು. ಕೆಂಪು ದೀಪ ಕಣ್ಣ ಮುಂದೆ ಬಂತು. "ನೋಡ್ತೀನಿ ಕಾಕಾ" ಅಂದೆ.

ಮರುದಿನ ಕಾಲುವೆ ಕಚೇರಿಯಲ್ಲಿ ವಿಚಾರಣೆ. ಸಾಹೇಬರು ಕುರ್ಚಿಯಲ್ಲಿ, ನಾನು ಎದುರಿಗೆ ಇನ್ನೊಂದು ಕುರ್ಚಿಯಲ್ಲಿ, ಮಾನಪ್ಪ ಬಾಗಿಲ ಹತ್ತಿರ ನಿಂತಿದ್ದ — ಕೈಗೆ ಬಟ್ಟೆ ಸುತ್ತಿಕೊಂಡು. ನಾವು ಒಳಗೆ ಬರುವ ಹೊತ್ತಿಗೇ ಸಾಹೇಬರ ತಲೆಯಲ್ಲಿ ಒಂದು ಕಥೆ ತಯಾರಾಗಿತ್ತು: ಕೇರಿಗಿಂತ ಮೇಲೆ ಹೊಲವಿದ್ದ ಯಾರೋ ರೈತರ ಮಾತು ಕೇಳಿ, ಅವರಿಗೆ ಹೆಚ್ಚು ನೀರು ಸಿಗಲೆಂದು ಗ್ಯಾಂಗ್‌ಮನ್ ಕೈಚಕ್ರದಿಂದ ಗೇಟು ಎತ್ತಿದ್ದಾನೆ, ಪೆಟ್ಟಿಗೆ ಅದನ್ನು ಬರೆದುಕೊಳ್ಳದಿರಲಿ ಎಂದು ಕೇಬಲ್ ಕಡಿದಿದ್ದಾನೆ, ಅಂಗೈ ಕಿತ್ತಿರುವುದೇ ಅದಕ್ಕೆ ಸಾಕ್ಷಿ. ಗೇಟನ್ನು ಇಳಿಸಿದ ಕೈಗಳು ಎತ್ತಿದ ಕೈಗಳಾದವು.

ಆದರೂ ಅವರು ಕೇಳಿದರು. ಕೇಳಲಿಲ್ಲ ಎಂದು ನಾನು ಹೇಳುವಂತಿಲ್ಲ.

"ಮೇಡಂ, ನಿಮ್ಮ ಪೆಟ್ಟಿಗೆ ತಾನಾಗಿ ಗೇಟು ಎತ್ತೋ ಸಾಧ್ಯತೆ ಐತೇನು?"

ಮಾನಪ್ಪ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಇನ್ನೇನು ಬಿಡುಗಡೆಯಾಯಿತು ಎಂಬ ನೆಮ್ಮದಿ ಇತ್ತು. "ನೀವರ ಹೇಳ್ರಿ ಮೇಡಂರಿ," ಅಂದ. "ನೀವ ಮಾಡಿದ್ದು. ನಿಮಗ ಗೊತ್ತಿರತೈತಿ."

ನಾನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಗೇಟು ಏರಿದ್ದು ಇಳಿದದ್ದನ್ನೆಲ್ಲ ಪೆಟ್ಟಿಗೆ ಬರೆದಿಟ್ಟುಕೊಳ್ಳುವ ದಾಖಲೆ — ಅದಕ್ಕೆ ಲಾಗ್ ಎನ್ನುತ್ತೇವೆ. ಆ ಮಧ್ಯಾಹ್ನದ ಜಾಗ ಖಾಲಿ ಇತ್ತು.

"ಲಾಗ್‌ನಾಗ ಏನೂ ಇಲ್ಲ್ರಿ ಸರ್," ಅಂದೆ.

ಏನೂ ಇರಲಿಲ್ಲ, ಹೌದು. ಲಾಗ್ ಬರೆಯುವುದು ದೊಡ್ಡ ಪ್ರೋಗ್ರಾಮು. ಬೂಟ್‌ಲೋಡರ್ ನಡೆಯುತ್ತಿರುವಾಗ ಅದು ನಿದ್ರೆಯಲ್ಲಿರುತ್ತದೆ. ಗೇಟು ಆಕಾಶ ಮುಟ್ಟಿದರೂ ಏನನ್ನೂ ಬರೆಯದು. ಇದು ಆ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಇನ್ನೊಂದು ವಾಕ್ಯ ಸೇರಿಸಿದ್ದರೆ ಸಾಕಿತ್ತು. ನಾನು ಪರದೆ ಮುಚ್ಚಿದೆ.

ಮಾನಪ್ಪ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಕೈಗೆ ಸುತ್ತಿದ್ದ ಬಟ್ಟೆ ನೋಡಿಕೊಂಡ.

ಯಾಕೆ ಹಾಗೆ ಹೇಳಿದೆ ಎಂದು ಕೇಳುವಿರಿ. ಕಾರಣಗಳನ್ನು ಇಲ್ಲಿ ಬರೆದಿದ್ದೆ — ನೌಕರಿ, ಮಾಲೀಕರ ಸಿಟ್ಟು, ನಿಶ್ಚಯವಾಗಿದ್ದ ಮದುವೆ, ಹುಡುಗಿಯರಿಗೆ ಇಂಥ ಕೆಲಸ ಬರುವುದಿಲ್ಲ ಎಂದು ಕಾಯುತ್ತಿದ್ದವರ ಬಾಯಿ. ಓದಿ ನೋಡಿದೆ. ಒಂದೊಂದೂ ನಿಜವೇ. ಆದರೆ ಅವನ್ನು ಒಂದರ ಮೇಲೊಂದು ಪೇರಿಸಿದರೂ ಮಾನಪ್ಪನ ಒಂದು ಅಂಗೈಯಷ್ಟು ತೂಗುವುದಿಲ್ಲ. ಹೆದರಿದೆ. ಅಷ್ಟೇ.

ಅದೇ ವಾರ ಆ ಒಂದು ಸಾಲನ್ನು ತೆಗೆದು, ಬರೆಯಬೇಕಾಗಿದ್ದ ಹಾಗೆ ಬರೆದೆ. ಪ್ರಯತ್ನ ಬಿಟ್ಟುಬಿಡುವ ಎಣಿಕೆಯನ್ನೂ ಹಿಂದಕ್ಕೆ ತಂದೆ. ಎಲ್ಲ ಹಿಡಿಸಿತು! ಬೇರೆಲ್ಲೋ ಬೇಡದ್ದನ್ನು ತೆಗೆದರೆ ಹಿಡಿಸುತ್ತಿತ್ತು, ಮೊದಲೇ ಹುಡುಕಿರಲಿಲ್ಲ. ಬದಲಾವಣೆಯ ಪಟ್ಟಿಯಲ್ಲಿ "ಸಣ್ಣಪುಟ್ಟ ಸುಧಾರಣೆ" ಎಂದು ನಮೂದಿಸಿದೆ. ಈ ಸಲ ಪ್ರತಿ ಗೇಟಿಗೂ ನಾನೇ ಹೋಗಿ ತಂತಿಯಿಂದ ಹಾಕಿ ಬಂದೆ. ಟವೆಲ್ ಹಿಡಿದು ನಿಲ್ಲಲು ಮಾನಪ್ಪ ಇರಲಿಲ್ಲ — ಅವನನ್ನು ಕೆಲಸದಿಂದ ತೆಗೆದು ನಾಲ್ಕು ದಿನವಾಗಿತ್ತು.

ಆಮೇಲೆ ಯಾವ ಗೇಟೂ ತಾನಾಗಿ ಏಳಲಿಲ್ಲ. ಏಳುವುದಾದರೂ ಹೇಗೆ? ಆದರೆ ಜನ ಅದನ್ನು ಬೇರೆ ಥರ ಓದಿದರು. "ಮಾನ್ಯಾ ಹೋದ, ಗೇಟು ಸುದ್ದ ಆತು ನೋಡ್ರಿ" ಎಂದು ಇನ್ನೊಬ್ಬ ಗ್ಯಾಂಗ್‌ಮನ್ ನನ್ನೆದುರೇ ನಕ್ಕ. ತಪ್ಪನ್ನು ಗುಟ್ಟಾಗಿ ತಿದ್ದಿದ್ದರಿಂದ ಅವನ ಮೇಲಿನ ಅಪವಾದಕ್ಕೆ ನಾನೇ ಇನ್ನೊಂದು ಮೊಳೆ ಹೊಡೆದಿದ್ದೆ.

ಸಾಹೇಬರು ನಂಬಿದ್ದು ಹೋಗಲಿ. ಕೇರಿಯೂ ನಂಬಿತು. ಹೊರಗಿನವರ ಮಾತಿಗೆ ಬಿದ್ದು ನಮ್ಮವನೇ ನಮ್ಮ ಮೇಲೆ ನೀರು ಬಿಟ್ಟ ಎಂದು. ಅವನ ಮನೆಗೆ ಯಾರೂ ಹೋಗಲಿಲ್ಲ, ಅವನು ಬಂದರೆ ಕಟ್ಟೆಯ ಮೇಲಿದ್ದವರು ಎದ್ದು ಹೋದರು. ಒಂದು ವರ್ಷದೊಳಗೆ ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಹೋದರೆಂದು ಕೇಳಿದೆ. ನಾನು ಮದುವೆಯಾದೆ. ಕಂಪನಿ ಬಿಟ್ಟು ಯಾದಗಿರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುವ ಕೆಲಸ ಹಿಡಿದೆ. "ಪರೀಕ್ಷೆಯಲ್ಲಿ ಕಂಡದ್ದನ್ನು ಎಂದೂ ಕಡೆಗಣಿಸಬೇಡಿ" ಎಂದು ಪ್ರತಿ ವರ್ಷ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ.

ಹೋದ ವರ್ಷ ಕೆಂಭಾವಿಯ ಸಂತೆಯಲ್ಲಿ ದೇವಮ್ಮ ಸಿಕ್ಕಳು. ನೆಲದ ಮೇಲೆ ಗೋಣಿತಟ್ಟು ಹಾಸಿ ದನ ಕಟ್ಟುವ ಹಗ್ಗ ಮಾರುತ್ತಿದ್ದಳು. ನಾನೇ ಮುಖ ತಿರುಗಿಸಿ ದಾಟುತ್ತಿದ್ದೆ. ಅವಳು ಗುರುತು ಹಿಡಿದು ಕರೆದಳು.

"ಮೇಡಂರೇನ್ರಿ? ಅಯ್ಯ ಯವ್ವಾ, ಎಷ್ಟ ವರ್ಷಾತ್ರಿ!" ಎಂದು ನನ್ನ ಕೈ ಹಿಡಿದಳು. ಹೈದರಾಬಾದಿನಿಂದ ತಿರುಗಿ ಬಂದಿದ್ದಾರಂತೆ. ಕೇರಿಗೆ ಹೋಗಲು ಅವನು ಒಪ್ಪದೆ, ತಿಂಥಣಿಯಲ್ಲಿ ಅವಳ ತಮ್ಮನ ಮನೆಯ ಪಕ್ಕದಲ್ಲೇ ಒಂದು ಕೋಣೆ ಕಟ್ಟಿಕೊಂಡಿದ್ದಾರೆ. ಅವನು ಹಗ್ಗ ಹೊಸೆಯುತ್ತಾನೆ, ಅವಳು ಸಂತೆ ಸಂತೆ ತಿರುಗುತ್ತಾಳೆ. ಇಷ್ಟು ಹೇಳಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಓದಿದವರು. ಆ ಮೋಟಾರ್ ತಾನ ತಿರಗೂದು ಆಗತೈತೇನ್ರಿ? ಅಂವ ಇವತ್ತಿಗೂ ಹಂಗ ಅಂತಾನ. ನಾ ಹ್ಞೂಂ ಅಂತೀನಿ. ಆದ್ರ ಒಳಗ... ನನಗೂ ಒಮ್ಮೊಮ್ಮಿ ಅನಸ್ತೈತ್ರಿ, ಖರೇನ ಇಂವ ಎತ್ತಿದ್ನೇನೋ ಅಂತ. ನನ್ನ ಗಂಡನ ಮ್ಯಾಲ ನನಗ ಸಂಶಯ. ಈ ಪಾಪ ಎಲ್ಲಿ ಇಡ್ಲಿ ಹೇಳ್ರಿ?"

ಸಂತೆಯ ಗದ್ದಲ. ಅವಳ ಕೈ ನನ್ನ ಕೈಯ ಮೇಲೆ. ಆಗಲಾದರೂ —

"ನೋಡಬೇಕವ್ವಾ, ಭಾಳ ವರ್ಷಾತು," ಅಂದೆ. ಎರಡು ಹಗ್ಗ ಕೊಂಡೆ. ನಮ್ಮ ಮನೆಯಲ್ಲಿ ದನವಿಲ್ಲ.

ಮೊದಲ ಸಲ ಹೆದರಿಕೆಯಿಂದ ಹೇಳಿದೆ ಎನ್ನಬಹುದು. ಈ ಸಲ ಹೆದರಲು ಏನಿತ್ತು? ನೌಕರಿ ಹೋಗುವಂತಿರಲಿಲ್ಲ, ಮದುವೆ ಮುರಿಯುವಂತಿರಲಿಲ್ಲ. ಬರೀ ರೂಢಿ. ಸುಳ್ಳು ಒಂದು ವಯಸ್ಸಿನ ನಂತರ ರೂಢಿಯಾಗುತ್ತದೆ. ಮನೆಗೆ ಬಂದು ಹಳೆಯ ಲ್ಯಾಪ್‌ಟಾಪ್ ತೆಗೆದು ಆ ಸಾಲನ್ನು ಹುಡುಕಿದೆ. ಇತ್ತು. ಅದನ್ನೂ ತಿದ್ದಿದ ಪ್ರತಿಯನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿದೆ. ಗಂಡನಿಗೆ ಹೇಳಿದೆ. ಅವನು "ನೀ ಹೋಗಿ ಹೇಳಿ ಬಾ. ನಾ ಬರೂದಿಲ್ಲ" ಅಂದ.

ತಿಂಥಣಿಗೆ ಹೋದಾಗ ಬೆಳಗಿನ ಹತ್ತು ಗಂಟೆ. ಮಾನಪ್ಪ ಬಾಗಿಲ ಮುಂದೆ ಕುಳಿತು, ಗೊಬ್ಬರದ ಖಾಲಿ ಚೀಲದ ಎಳೆಗಳನ್ನು ಬಿಚ್ಚಿ ಹಗ್ಗ ಹೊಸೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ. "ಬರ್ರಿ," ಅಂದ. ನಾನು ನಿಂತೇ ಹೇಳಿದೆ. ಕೆಂಪು ದೀಪದಿಂದ ಹಿಡಿದು ಲಾಗಿನವರೆಗೆ, ಗುಟ್ಟಾಗಿ ತಿದ್ದಿದ್ದು, ಸಂತೆಯಲ್ಲಿ ಮತ್ತೆ ಜಾರಿಕೊಂಡದ್ದು — ಎಲ್ಲ. ಹೊಸೆಯುತ್ತಿದ್ದ ಕೈ ನಿಲ್ಲಲಿಲ್ಲ. ನಾನು ಕಾಗದ ಮುಂದೆ ಚಾಚಿದೆ. ಅವನು ಮುಟ್ಟಲಿಲ್ಲ.

"ಇದನ್ನ ನನಗ ಯಾಕ ಹೇಳಾಕತ್ತೀರಿ?" ಅಂದ.

ನಾನು ಕಾಗದ ಮಡಿಚಿಕೊಂಡೆ.

"ಮೋಟಾರ್ ತಾನ ತಿರಗಿದ್ದು ನಾ ಕಣ್ಣಾರೆ ನೋಡೀನಿ. ನಿಮಗೂ ಗೊತ್ತೈತಿ ಅಂಬೂದು ಅವತ್ತ ಸಾಹೇಬರ ಮುಂದ ನಿಮ್ಮ ಮಾರಿ ನೋಡಿ ತಿಳಕೊಂಡೀನಿ. ನನಗ ಗೊತ್ತಿರೂದನ್ನ ನನಗ ಹೇಳಿದ್ರ ನಿಮ್ಮ ಹೊಟ್ಟಿ ಹಗರ ಆಗತೈತಿ, ಅಷ್ಟ. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ." ಆಮೇಲೆ ಗದ್ದದಿಂದ ಒಳಬಾಗಿಲ ಕಡೆ ತೋರಿಸಿದ. "ಮೊದಲ ಅಕಿಗೆ ಹೇಳ್ರಿ."

ಹೆಂಡತಿಯ ಸಂಶಯ ಅವನಿಗೆ ಗೊತ್ತಿತ್ತು. ಎಂಟು ವರ್ಷವೂ ಗೊತ್ತಿತ್ತು.

ದೇವಮ್ಮ ಒಲೆಯ ಮುಂದಿದ್ದಳು. ಹೇಳಿದೆ. ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಹಾಗೆಯೇ ಹಿಡಿದುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ನನ್ನನ್ನು ಬಯ್ಯಲಿಲ್ಲ, ಅಳಲಿಲ್ಲ. ಎದ್ದು ಹೊರಗೆ ಹೋಗಿ ಗಂಡನ ಎದುರಿಗೆ ಕುಳಿತು, ಅವನು ಹೊಸೆಯುತ್ತಿದ್ದ ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆದಿಟ್ಟು ನಾನು ಹೊರಟೆ.

ಮುಂದಿನ ಸೋಮವಾರ ಕಾಲುವೆ ಕಚೇರಿಗೆ ಲಿಖಿತ ಹೇಳಿಕೆ ಕೊಟ್ಟೆ. ಆಗಿನ ಸಾಹೇಬರಿಲ್ಲ. ಹೊಸಬರು ಓದಿ, ಕನ್ನಡಕ ತೆಗೆದು, "ಇಷ್ಟು ವರ್ಷ ಆದ ಮೇಲೆ ಇದೆಲ್ಲ ಯಾಕೆ ಮೇಡಂ?" ಎಂದರು. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಏಳಲಿಲ್ಲ. ಹಳೆಯ ಮಾಲೀಕರಿಗೂ ಒಂದು ಪ್ರತಿ ಕಳಿಸಿದೆ. ನನ್ನ ಮೇಲೆ ಏನು ಕ್ರಮವೋ ಕೈಗೊಳ್ಳಲಿ. ನಾನು ವಿರೋಧಿಸುವುದಿಲ್ಲ ಎಂದೂ ಬರೆದಿದ್ದೇನೆ. ಕಾಲೇಜಿನಲ್ಲಿ ನನ್ನ ಹುಡುಗರಿಗೂ ಹೇಳಿದೆ. ಆ ದಿನ ಯಾರೂ ಏನೂ ಬರೆದುಕೊಳ್ಳಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದನ್ನು ಕಡೆಗೆ ಉಳಿಸಿಕೊಂಡಿದ್ದೆ — ಇದೂ ನನ್ನ ಹೇಡಿತನವೇ. ಒಂದು ಭಾನುವಾರ ಬೆಳಿಗ್ಗೆ ಕೇರಿಗೆ ಹೋದೆ. ಬುದ್ಧ ವಿಹಾರದ ಅಂಗಳದಲ್ಲಿ ಜನ ಕೂಡಿದ್ದರು. ಮಾನಪ್ಪನನ್ನೂ ಬರಹೇಳಿದ್ದೆ, "ನಾ ಯಾಕ ಬರ್ಲಿ" ಎಂದಿದ್ದ. ಹಣಮವ್ವ ಮೆಟ್ಟಿಲ ಮೇಲೆ ಬಲಗಾಲನ್ನು ಮುಂದಕ್ಕೆ ಚಾಚಿ ಕುಳಿತಿದ್ದಳು. ನಾನು ಹೇಳಿದೆ. ಬೂಟ್‌ಲೋಡರ್ ಎಂದರೇನೆಂದು ಅವರಿಗೆ ಹೇಗೆ ತಿಳಿಸಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಬೇಕಾಗಲಿಲ್ಲ. "ಗೇಟು ಎತ್ತಿದ್ದು ನನ್ನ ಪೆಟ್ಟಿಗೆ. ಇಳಿಸಿದ್ದು ಮಾನಪ್ಪ ಕಾಕಾ. ನನಗೆ ಅವತ್ತೇ ಗೊತ್ತಿತ್ತು" ಎಂದೆ. ಅಷ್ಟು ಸಾಕಾಯಿತು.

ಒಬ್ಬ ಎದ್ದು ಬಂದು ನನ್ನ ಮುಖದ ಹತ್ತಿರ ಕೈ ತಂದ. ಯಾರೋ ಹಿಡಿದು ಎಳೆದರು. ಹಿಡಿಯದಿದ್ದರೂ ನಾನು ಸರಿಯುತ್ತಿರಲಿಲ್ಲ. ಆದರೆ ನನ್ನನ್ನು ತಟ್ಟಿದ್ದು ಅದಲ್ಲ. ಹಣಮವ್ವ ನನ್ನ ಕಡೆ ನೋಡಲೇ ಇಲ್ಲ. ಸುತ್ತ ಕುಳಿತ ತನ್ನವರನ್ನೇ ಒಬ್ಬೊಬ್ಬರನ್ನಾಗಿ ನೋಡಿದಳು.

"ಅವನ ಬಾಗಲ ಮುಂದ ದಿನಾ ಉಗುಳಿ ಹೋಗೀನಿ ನಾ," ಅಂದಳು. "ದೇವಮ್ಮ ನೀರಿಗೆ ಬಂದ್ರ ಕೊಡಾ ತಗಿಸೀನಿ. ಅಂವ ಒಂದಿನ ಹೊಳ್ಳಿ ಅಂದಾವಲ್ಲ. ನನ್ನ ಕಾಲು ಹೋದ್ರ ಹೋತು. ಈ ಬಾಯಿ ಏನ್ ಮಾಡ್ಲಿ?"

ನಾನು ಒಬ್ಬನಿಗೆ ಮಾಡಿದ ಅನ್ಯಾಯ ಎಂದು ತಿಳಿದಿದ್ದೆ. ಇಡೀ ಕೇರಿಯ ಕೈಯಿಂದ ಅದನ್ನು ಮಾಡಿಸಿದ್ದೆ ಎಂಬುದು ಆ ಅಂಗಳದಲ್ಲಿ ನಿಂತಾಗ ಗೊತ್ತಾಯಿತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆ ಶಬ್ದ ಅಷ್ಟು ಸಣ್ಣದಾಗಿ ಕಂಡಿತು — ಹೇಳಲಿಲ್ಲ.

ಹಣಮವ್ವ ಕೋಲೂರಿ ಎದ್ದಳು. "ಟಂಟಂ ತರಸ್ರೋ. ತಿಂಥಣಿಗೆ ಹೋಗೋಣ," ಅಂದಳು. ಯಾರೋ ಫೋನು ಮಾಡಿದರು. ಗಾಡಿ ಬಂತು. ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದರು. ಹೆಂಗಸರು ಹಿಂದೆ ಹತ್ತಿದರು, ಗಂಡಸರು ಬೈಕು ತೆಗೆದರು. ಹಣಮವ್ವನ ಕೋಲನ್ನು ಎತ್ತಿಕೊಟ್ಟು ನಾನೂ ಹತ್ತಲು ಕಾಲಿಟ್ಟೆ.

"ನೀವು ಬ್ಯಾಡ್ರಿ," ಅಂದಳು ಅವಳು. ಸಿಟ್ಟಿನಿಂದಲ್ಲ. "ಅಂವ ನಮ್ಮಾಂವ."

ಕಾಲು ಕೆಳಗಿಳಿಸಿದೆ. ಗಾಡಿ ಹೋಯಿತು. ಅಲ್ಲಿ ಮಾನಪ್ಪ ಅವರಿಗೆ ಕುಳಿತುಕೊಳ್ಳಲು ಹೇಳಿದನೋ, ಬಾಗಿಲು ಹಾಕಿಕೊಂಡನೋ, ಕೇರಿಗೆ ತಿರುಗಿ ಬರಲು ಒಪ್ಪಿದನೋ — ನನಗೆ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ. ಕೇಳಿ ತಿಳಿದು ಸಮಾಧಾನ ಪಟ್ಟುಕೊಳ್ಳುವ ಹಕ್ಕು ನನ್ನದಲ್ಲ. ಗೊತ್ತಿಲ್ಲದವರಿಗೆ ಹೇಳು ಎಂದಿದ್ದ. ಹೇಳುತ್ತಿದ್ದೇನೆ. ಇನ್ನೂ ಗೊತ್ತಿಲ್ಲದವರು ಬಹಳ ಜನ ಇದ್ದಾರೆ.